ಒಂದು ಕಂಬಳಿ ಕಡಿಮೆ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇದು ನನ್ನ ಕತೆಯಲ್ಲ, ಅಕ್ಕನ ಮನೆಯದು. ಹೇಳುವುದಾದರೆ ಅಕ್ಕ ಹೇಳಬೇಕು, ಇಲ್ಲವೇ ಭಾವ ಹೇಳಬೇಕು. ಅಕ್ಕನಿಗೆ ಪುರುಸೊತ್ತಿಲ್ಲ, ಭಾವನಿಗೆ ಮಾತು ಬರುವುದಿಲ್ಲ. ನಾನು ಹಗಲೆಲ್ಲ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ತೂಗಿ ಚೀಟಿ ಅಂಟಿಸುವವಳು. ಪದವಿ ಮುಗಿಸಿದ್ದು ಸಂಜೆ ಕಾಲೇಜಿನಲ್ಲಿ, ಯೋಗ ಕಲಿತದ್ದೂ ಸಂಜೆ ಕ್ಲಾಸಿನಲ್ಲಿ. ಮೈಯ ಬಗ್ಗೆಯಾಗಲಿ ಮನಸ್ಸಿನ ಬಗ್ಗೆಯಾಗಲಿ ಅಧಿಕಾರದಿಂದ ಮಾತಾಡುವಷ್ಟು ನನಗೆ ತಿಳಿಯದು. ಕಂಡದ್ದನ್ನು ಕಂಡ ಹಾಗೆ ಬರೆಯಲು ನೋಡುತ್ತೇನೆ. ಎಲ್ಲಾದರೂ ಹೆಚ್ಚುಕಮ್ಮಿಯಾದರೆ ಅದು ನನ್ನದು, ಅವರದಲ್ಲ.

ಭಾವ ಸಿಟಿ ಬಸ್ಸಿನ ಡ್ರೈವರು. ಮೀಸೆ ಮೂಡಿದಾಗಿನಿಂದ ಸ್ಟಿಯರಿಂಗ್ ಹಿಡಿದವರು. ಡಿಪೋದಲ್ಲಿ ಅವರನ್ನು ‘ಕಂಬ’ ಎಂದು ಕರೆಯುತ್ತಾರೆ. ಸೀಟಿನಿಂದ ಇಳಿದು ನಿಂತರೆ ಮೈ ಎಲ್ಲೂ ಬಗ್ಗುವುದಿಲ್ಲ. ಕೈಯಿಂದ ಬೀಗದ ಕೈ ಬಿದ್ದರೆ ಯಾರಾದರೂ ಎತ್ತಿಕೊಡಬೇಕು. ಮನೆಯಲ್ಲಿ ಅವರ ಷೂಸಿನ ದಾರ ಕಟ್ಟುವುದು ಅಕ್ಕ. ಇದನ್ನೆಲ್ಲ ನಾವು ತಮಾಷೆ ಮಾಡಿಕೊಂಡೇ ಇದ್ದೆವು, ಅತ್ತೆಯ ಹಾಸಿಗೆ ನೆಲಕ್ಕೆ ಬರುವ ತನಕ.

ಅತ್ತೆ ಎಂದರೆ ಅಕ್ಕನ ಅತ್ತೆ, ಭಾವನ ತಾಯಿ. ನಾನೂ ಹಾಗೇ ಕರೆಯುತ್ತಿದ್ದೆ. ಮಗ ತಾನೇ ನೋಡಿ ಮೆಚ್ಚಿ ಅಕ್ಕನನ್ನು ಮದುವೆಯಾದದ್ದು ಅವರಿಗೆ ಇಷ್ಟವಿರಲಿಲ್ಲ. ಮದುವೆಗೆ ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಒಬ್ಬರೇ ಇರಲಾಗದೆ ಮಗನ ಮನೆಗೆ ಬಂದರು. ಬಂದ ಮೇಲೆ ಆ ಹಳೆಯ ಮಾತನ್ನು ಯಾರೂ ಎತ್ತಲಿಲ್ಲ. ಅಕ್ಕ ಅವರಿಗೆ ಸ್ನಾನ ಮಾಡಿಸುತ್ತಿದ್ದಳು, ತಲೆ ಬಾಚುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು. ಅತ್ತೆ ಅವಳನ್ನು ಹೆಸರು ಹಿಡಿದು ಕರೆದದ್ದಾಗಲಿ, ‘ಮಗಳೇ’ ಎಂದದ್ದಾಗಲಿ ನಾನು ಕೇಳಿಲ್ಲ. “ಇಲ್ಲಿ ನೋಡು” ಎನ್ನುತ್ತಿದ್ದರು. ಕಿಟಕಿಗೆ ಪಕ್ಕದ ಮನೆಯ ಬೆಕ್ಕು ಬಂದರೂ “ಇಲ್ಲಿ ನೋಡು.” ಅಕ್ಕ ಬಂದರೂ “ಇಲ್ಲಿ ನೋಡು.”

ಅಕ್ಕ ನಗುತ್ತಿದ್ದಳು. “ಬೆಕ್ಕಿಗಾದ್ರೂ ಸ್ವಲ್ಪ ಮೆತ್ತಗೆ ಹೇಳ್ತಾರೆ ಕಣೇ” ಎನ್ನುತ್ತಿದ್ದಳು.

ಒಂದು ದಿನ ಅತ್ತೆಗೆ ಬಲಗಡೆ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಂದ ಮೇಲೆ ಮಂಚದಿಂದ ಎರಡು ಸಲ ಉರುಳಿ ಬಿದ್ದರು. ಆಮೇಲೆ ಮಂಚ ಕಂಡರೇ ಗಡಗಡ ನಡುಗತೊಡಗಿದರು. ಅಕ್ಕ ಗೋಡೆಗೆ ತಾಗಿಸಿ ನೆಲದ ಮೇಲೆಯೇ ಹಾಸಿಗೆ ಹಾಕಿದಳು. ಅತ್ತೆಯ ಧ್ವನಿ ಇಳಿದು ದಾರದ ಹಾಗಾಗಿತ್ತು. ಅವರ ಬಾಯಿಗೆ ಕಿವಿ ಕೊಟ್ಟರೆ ಮಾತು ಸಿಗುತ್ತಿತ್ತು, ಗೇಣು ದೂರ ಸರಿದರೆ ಬರೀ ಉಸಿರು.

ಹಾಗಿರುವಾಗ ಒಂದು ಬೆಳಿಗ್ಗೆ ಅಕ್ಕನಿಗೆ ಹೇಳಿದರಂತೆ, “ಇಲ್ಲಿ ನೋಡು. ಅವನಿಗೊಂದು ಮಾತು ಹೇಳೋದಿದೆ. ಕಳಿಸು.”

“ನನ್ನ ಹತ್ರ ಹೇಳಿ ಅತ್ತೆ. ನಾನು ಹೇಳ್ತೀನಿ.”

“ನಿನಗಲ್ಲ.”

ಭಾವ ಡ್ಯೂಟಿಗೆ ಹೊರಟು ಯೂನಿಫಾರ್ಮಿನಲ್ಲಿದ್ದರು. ಬಾಗಿಲಲ್ಲಿ ನಿಂತು “ಏನಮ್ಮಾ?” ಎಂದರು. ಅತ್ತೆ ಎಡಗೈಯಿಂದ ನೆಲ ತಟ್ಟಿದರು. ಇಲ್ಲಿ ಕೂತ್ಕೋ ಎಂದು. ಭಾವ ಅಡುಗೆಮನೆಯಿಂದ ಕುರ್ಚಿ ತಂದು ಕೂತರು. ಅತ್ತೆಯ ತುಟಿ ಅಲ್ಲಾಡಿತು. ಭಾವ ಬಗ್ಗಿದರು, ಅಂದರೆ ಬಗ್ಗಲು ನೋಡಿದರು. ಬೆನ್ನು ಕಮಾನಾಯಿತು, ಮುಖ ಕೆಂಪಾಯಿತು, ಕಿವಿ ಅತ್ತೆಯ ಬಾಯಿಯಿಂದ ಮೊಳದೆತ್ತರದಲ್ಲೇ ನಿಂತುಬಿಟ್ಟಿತು. ಬಾವಿಗೆ ಇಳಿಬಿಟ್ಟ ಹಗ್ಗ ನೀರಿಗೆ ಮುಟ್ಟದ ಹಾಗೆ.

“ಫೋನಿಗೆ ಹೇಳಿ ಅತ್ತೆ, ಇವರು ಆಮೇಲೆ ಕೇಳಿಸ್ಕೊಳ್ತಾರೆ” ಎಂದು ಅಕ್ಕ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದಳು. ಅತ್ತೆ ಅದನ್ನು ನೋಡಿ ಬಾಯಿ ಮುಚ್ಚಿಕೊಂಡರು. ಆ ಡಬ್ಬಿಗೆ ಹೇಳಲು ಅವರೇನು ಹುಚ್ಚರೇ?

ಅತ್ತೆಯನ್ನು ಎತ್ತಿ ಕೂರಿಸಿದರೆ ತಲೆ ಸುತ್ತಿ ಕಣ್ಣು ಕತ್ತಲಾಗುತ್ತಿತ್ತು. ಹಾಗಾದರೆ ಭಾವನೇ ಪಕ್ಕದಲ್ಲಿ ಮಲಗಬಹುದಲ್ಲ ಎಂದು ನೀವು ಕೇಳಬಹುದು. ಅದೂ ಆಯಿತು. ಭಾನುವಾರ ನಾನು ಹೋಗಿದ್ದಾಗಲೇ ಆಯಿತು. ಭಾವ ಬಾಗಿಲ ಚೌಕಟ್ಟು ಹಿಡಿದು, ಗೋಡೆ ಹಿಡಿದು, ಕೊನೆಗೆ ಧೊಪ್ಪನೆ ಹಾಸಿಗೆಯ ಅಂಚಿಗೆ ಬಿದ್ದರು. ಅತ್ತೆ ಬೆಚ್ಚಿದರು. ಮಾತು ಹೊರಡುವ ಮೊದಲೇ ಭಾವನಿಗೆ ತೊಡೆ ಸೆಟೆದುಕೊಂಡಿತು. ಏಳಲು ಆಗಲಿಲ್ಲ. ಅಕ್ಕ ಒಂದು ತೋಳು, ನಾನು ಒಂದು ತೋಳು, ಎದುರು ಮನೆಗೆ ಬಣ್ಣ ಹೊಡೆಯುತ್ತಿದ್ದ ಪೇಂಟರನ್ನು ಕರೆತಂದು ಸೊಂಟಕ್ಕೆ ಕೈಕೊಡಿಸಿ, ಮೂವರೂ ಸೇರಿ ಮೂಟೆ ಎತ್ತುವ ಹಾಗೆ ಎತ್ತಿದೆವು. ನಾನು ನಕ್ಕುಬಿಟ್ಟೆ. ಪೇಂಟರೂ ನಕ್ಕ. ತಿರುಗಿ ನೋಡಿದರೆ ಅತ್ತೆ ಅಳುತ್ತಿದ್ದರು. ಕಣ್ಣೀರು ಒಂದೇ ಕಣ್ಣಿನಿಂದ ಇಳಿಯುತ್ತಿತ್ತು.

ಅಕ್ಕ ಕಿವಿ ಕೊಟ್ಟು ಕೇಳಿ ನಮಗೆ ಹೇಳಿದಳು. “ಇನ್ನೊಂದ್ಸಲ ಅವನನ್ನ ಹೀಗೆ ಬೀಳಿಸ್ಬೇಡಿ. ನೆಟ್ಟಗೆ ಬಂದು ಕೂತಾಗ ಹೇಳ್ತೀನಿ, ಅಂತಿದಾರೆ.”

ಮರುದಿನ ಸಂಜೆ ಭಾವ ನಾನು ಹೇಳಿಕೊಡುವ ಯೋಗದ ಕ್ಲಾಸಿಗೆ ಬಂದರು.

ನಾನು ಕ್ಲಾಸು ನಡೆಸುವುದು ಪೀಠೋಪಕರಣದ ಅಂಗಡಿಯ ಮೇಲಿನ ಹಾಲಿನಲ್ಲಿ. ಕೆಳಗಿನಿಂದ ವಾರ್ನಿಷ್ ವಾಸನೆ ಬರುತ್ತಿರುತ್ತದೆ, ಉಸಿರು ಆಳವಾಗಿ ಎಳೆದುಕೊಳ್ಳಿ ಎನ್ನಲು ನನಗೇ ಸಂಕೋಚ. ಬರುವವರು ಬೆರಳೆಣಿಕೆಯ ಜನ. ಭಾನುವಾರ ಕೈಕೊಟ್ಟ ಆ ಪೇಂಟರೂ ಅವರಲ್ಲೊಬ್ಬ, ಏಣಿ ಹತ್ತಿ ಇಳಿದು ಮೊಣಕಾಲು ಕೆಟ್ಟವನು.

“ಏನ್ ಮೇಡಂ, ಸೇರಿಸ್ಕೊಳ್ತೀರಾ?” ಎಂದರು ಭಾವ. ನನ್ನನ್ನು ಅವರು ಎಂದೂ ಮೇಡಂ ಎಂದವರಲ್ಲ. ತಮಾಷೆಯೋ ನಿಜವೋ ತಿಳಿಯದೆ ನಾನು, “ಷೂ ಬಿಚ್ಚಿ ಬನ್ನಿ ಭಾವ” ಎಂದೆ.

“ಅದನ್ನ ನಿನ್ನಕ್ಕ ಬಿಚ್ಬೇಕು” ಎಂದರು. ಎಲ್ಲರೂ ನಕ್ಕರು. ನಾನು ಮಂಡಿಯೂರಿ ಬಿಚ್ಚಿದೆ.

ನೇರ ನಿಂತು ಮುಂದಕ್ಕೆ ಬಗ್ಗಿ ಎಂದೆ. ಕೈ ಮಂಡಿಯ ಮೇಲೇ ನಿಂತಿತು. “ಸಾರ್, ಬ್ರೇಕಿಂದ ಕಾಲು ತೆಗೀರಿ, ಆಮೇಲೆ ಬಗ್ಗಿ” ಎಂದ ಪೇಂಟರು. ಮಲಗಿಸಿ ಒಂದೊಂದೇ ಕಾಲು ನೋಡಿದೆ. ಬಲಗಾಲಿಗಿಂತ ಎಡಗಾಲು ಹೆಚ್ಚು ಬಿಗಿ. ಕ್ಲಚ್ಚಿನ ಕಾಲದು. ದಿನವಿಡೀ ಟ್ರಾಫಿಕ್ಕಿನಲ್ಲಿ ಅದೊಂದೇ ಒತ್ತಿ ಒತ್ತಿ ಬಿಟ್ಟು, ಸೊಂಟದ ಕೀಲು ಅಷ್ಟರಲ್ಲೇ ಕೂತುಹೋಗಿತ್ತು. ತೊಡೆಯ ಹಿಂದಿನ ಸ್ನಾಯು ಮುಟ್ಟಿದರೆ ಹಲಗೆ. ಹಿಂದಿನ ಜೇಬಿನಲ್ಲಿ ಪರ್ಸು ಇಟ್ಟುಕೊಂಡೇ ಕೂರುವ ಅಭ್ಯಾಸ ಬೇರೆ. ಒಂದು ಕುಂಡಿ ಮೇಲೆ, ಒಂದು ಕೆಳಗೆ.

ನನಗೆ ಭಯವಾಯಿತು. ನನ್ನ ಮೇಷ್ಟ್ರಿಗೆ ಫೋನು ಮಾಡಿ ಕೇಳಿದೆ. ಅವರು, “ಕಾಲ್ಬೆರಳು ಮುಟ್ಟಿಸೋಕೆ ಹೋಗ್ಬೇಡ. ಬಗ್ಗೋದು ಬೆನ್ನಿಂದ ಅಲ್ಲ, ಸೊಂಟದ ಕೀಲಿಂದ. ಎತ್ತರಕ್ಕೆ ಕೂರಿಸು, ನಿಧಾನಕ್ಕೆ ಇಳಿಸು” ಎಂದರು.

ಹಾಗೇ ಮಾಡಿದೆವು. ಬೆನ್ನ ಮೇಲೆ ಮಲಗಿಸಿ, ಪಾದಕ್ಕೆ ಟವೆಲ್ ಸುತ್ತಿ, ಮಂಡಿ ಸ್ವಲ್ಪ ಮಡಚಿಯೇ ಕಾಲು ಮೇಲೆತ್ತಿಸುತ್ತಿದ್ದೆ. ಆಮೇಲೆ ಒಂದು ಪಾದವನ್ನು ಇನ್ನೊಂದು ಮಂಡಿಯ ಮೇಲಿಟ್ಟು ತೊಡೆಯನ್ನು ಎದೆಯ ಕಡೆ ತರುವುದು. ಕೊನೆಗೆ ಅಂಗಾಲು ಅಂಗಾಲು ಸೇರಿಸಿ, ಎರಡೂ ಮಂಡಿಗಳ ಕೆಳಗೆ ದಿಂಬು ಕೊಟ್ಟು, ಸುಮ್ಮನೆ ಬಿಡುವುದು. “ಎಳೀಬೇಡಿ, ಬಿಡಿ” ಎಂದರೆ ಭಾವನಿಗೆ ಅರ್ಥವಾಗುತ್ತಿರಲಿಲ್ಲ.

“ಬಿಡೋದು ಅಂದ್ರೆ ಏನು ಮಾಡ್ಬೇಕು?”

“ಏನೂ ಮಾಡ್ಬಾರ್ದು.”

“ಏನೂ ಮಾಡ್ದೆ ಹೇಗೆ ಆಗತ್ತೆ?”

“ಸಿಗ್ನಲ್ಲಲ್ಲಿ ನಿಂತ ಹಾಗೆ ಅಂದ್ಕೊಳ್ಳಿ.”

“ಸಿಗ್ನಲ್ಲಲ್ಲಿ ನಿಂತಾಗ್ಲೇ ಕಣೇ ನಂಗೆ ಎಲ್ಲಕ್ಕಿಂತ ಸಿಟ್ಟು ಬರೋದು.”

ಮನೆಯಲ್ಲಿ ಕೂರುವ ಅಭ್ಯಾಸಕ್ಕೆ ಅಕ್ಕ ಇದ್ದಬದ್ದ ಕಂಬಳಿಗಳನ್ನೆಲ್ಲ ಮಡಿಸಿ ಅತ್ತೆಯ ಹಾಸಿಗೆಯ ಪಕ್ಕ ಪೇರಿಸಿದಳು. ಮೊದಲ ದಿನ ಆ ರಾಶಿ ಸ್ಟೂಲಿನಷ್ಟೆತ್ತರವಿತ್ತು. ಭಾವ ಅದರ ಮೇಲೆ ಕೂತು ಚಕ್ಕಳಮಕ್ಕಳ ಹಾಕಲು ನೋಡಿದರೆ ಮಂಡಿಗಳು ಕಿವಿಯ ಹತ್ತಿರ ಬಂದವು. ಅತ್ತೆ ಕತ್ತು ಹೊರಳಿಸಿ ನೋಡಿದರು. ಬಾಯಿಯ ಒಂದು ಬದಿ ಮೇಲೆದ್ದಿತು. ನಕ್ಕರು ಎಂದು ಅಕ್ಕ ಸಂಜೆ ಫೋನು ಮಾಡಿ ಹೇಳಿದಳು. “ಎಷ್ಟೋ ದಿನ ಆದ್ಮೇಲೆ ನಕ್ರು ಕಣೇ. ಮಗ ಕಪ್ಪೆ ತರ ಕೂತಿದ್ದು ನೋಡಿ.”

ಅಂದಿನಿಂದ ಅದು ಆ ಮನೆಯ ದಿನಚರಿಯಾಯಿತು. ಬೆಳಗಿನ ಶಿಫ್ಟು ಮುಗಿಸಿ ಮಧ್ಯಾಹ್ನ ಭಾವ ಬಂದು ಕಂಬಳಿಯ ಮೇಲೆ ಕೂರುವುದು, ಅತ್ತೆ ನೋಡುವುದು. ಮಂಡಿ ಕೆಳಗಿಳಿದಾಗ ಅಕ್ಕ ಒಂದು ಕಂಬಳಿ ಎಳೆದು ತೆಗೆಯುವಳು. ಅತ್ತೆಯೇ ಕೆಲವು ಸಲ ಎಡಗೈ ಚಾಚಿ ಕಂಬಳಿಯ ಅಂಚು ಹಿಡಿದು ಜಗ್ಗುತ್ತಿದ್ದರು. ಇನ್ನೂ ಒಂದು ತೆಗಿ ಎಂದು. “ಅತ್ತೇ, ನಿಮ್ಮ ಮಗ ಉರುಳ್ತಾರೆ” ಎಂದು ಅಕ್ಕ ಗದರಿಸುವಳು. ಅವರಿಬ್ಬರೂ ಒಂದೇ ಕೆಲಸಕ್ಕೆ ಕೈಹಾಕಿದ್ದನ್ನು ನಾನು ಕಂಡದ್ದು ಅದೊಂದರಲ್ಲಿ.

ಅಕ್ಕನಿಗೆ ಒಳಗೊಳಗೇ ಒಂದು ಆಸೆಯಿತ್ತು. ಪಾತ್ರೆ ತೊಳೆಯುತ್ತ ಒಂದು ದಿನ ನನ್ನ ಕಡೆ ನೋಡದೆ ಹೇಳಿದಳು. “ಅದು ನನ್ನ ವಿಷ್ಯಾನೇ ಇರ್ಬೇಕು ಅನ್ಸತ್ತೆ. ನನ್ನೆದುರು ಹೇಳೋಕೆ ಅವರಿಗೆ ಬಾಯಿ ಬರಲ್ಲ. ಮಗನಿಗೆ ಹೇಳ್ತಾರೇನೋ. ಒಳ್ಳೇದೋ ಕೆಟ್ಟದ್ದೋ, ಒಂದು ಮಾತು ಅಂದ್ಬಿಟ್ರೆ ಸಾಕು.”

“ಕೆಟ್ಟದ್ದಾಗಿದ್ರೆ?”

“ಆಗ್ಲೂ ‘ಇಲ್ಲಿ ನೋಡು’ಗಿಂತ ವಾಸಿ.”

ರಾಶಿ ಅರ್ಧಕ್ಕೆ ಇಳಿದಿತ್ತು. ಅಷ್ಟರಲ್ಲಿ ಡಾಕ್ಟರು ಬಂದು ನೋಡಿ, ನುಂಗುವ ಶಕ್ತಿ ಕಡಿಮೆಯಾಗುತ್ತಿದೆ, ಧ್ವನಿ ಪೂರ್ತಿ ಹೋಗಬಹುದು, ಹೇಳುವುದು ಕೇಳುವುದು ಇದ್ದರೆ ಬೇಗ ಮಾಡಿಕೊಳ್ಳಿ ಎಂದರು. ಅವರು ಹೇಳಿದ್ದು ಸರಿಯೇ. ಆದರೆ ಭಾವನಂಥವರಿಗೆ ‘ಬೇಗ’ ಎನ್ನಬಾರದಿತ್ತು. ಹೊತ್ತಿಗೆ ಸರಿಯಾಗಿ ಸ್ಟಾಪು ಮುಟ್ಟಿಸುವುದೇ ಅವರ ಬದುಕು. ಲೇಟಾದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ.

ಮರುದಿನ ಡಿಪೋದಲ್ಲಿ ಎರಡು ಟ್ರಿಪ್ಪಿನ ಮಧ್ಯೆ, ಬಿಸಿಯಾಗದ ಮೈಯಲ್ಲಿ, ಬಸ್ಸಿನ ಮುಂದಿನ ಬಂಪರಿನ ಮೇಲೆ ಎಡ ಹಿಮ್ಮಡಿ ಇಟ್ಟು ಬಗ್ಗಿದರಂತೆ. ಕಂಡಕ್ಟರುಗಳು ಸುತ್ತ ನಿಂತು, “ಹಾಕು ಕಂಬಾ, ಇನ್ನೂ ಸ್ವಲ್ಪ, ರೈಟ್ ರೈಟ್!” ಎಂದು ಹುರಿದುಂಬಿಸಿದರಂತೆ. ಭಾವ ಬಂಪರ್ ಹಿಡಿದು ಜಗ್ಗಿದರು. ಕುಂಡಿಯ ಮೂಳೆಯ ಬುಡದಲ್ಲಿ ಏನೋ ಪಟ್ ಎಂದಿತು. ಎಲ್ಲರಿಗೂ ಕೇಳಿಸಿತು ಎಂದು ಆಮೇಲೆ ಹೇಳಿದರು. ಆ ಬಸ್ಸನ್ನು ಬೇರೆಯವರು ತೆಗೆದುಕೊಂಡು ಹೋದರು. ಭಾವನನ್ನು ಆಟೋದಲ್ಲಿ ಮನೆಗೆ ಕಳಿಸಿದರು.

ನಾನು ಹೋದಾಗ ಬೋರಲು ಮಲಗಿದ್ದರು. ತೊಡೆಯ ಹಿಂಭಾಗ ಮಂಡಿಯವರೆಗೆ ನೇರಳೆ ಬಣ್ಣಕ್ಕೆ ತಿರುಗಿತ್ತು.

“ಬೈಯೇ” ಎಂದರು.

“ಎಳೀಬೇಡಿ ಅಂದಿದ್ದೆ.”

“ಅಂದಿದ್ದೆ.”

“ಮತ್ತೆ?”

“ಟೈಮ್ ಇಲ್ಲ ಅಂದ್ರಲ್ಲೇ” ಎಂದು ದಿಂಬಿಗೆ ಮುಖ ಒತ್ತಿಕೊಂಡರು. ಅಷ್ಟು ದೊಡ್ಡ ಮನುಷ್ಯನ ಹೆಗಲು ಅಲ್ಲಾಡುವುದನ್ನು ನೋಡಲಾಗದೆ ನಾನು ಅಡುಗೆಮನೆಗೆ ಹೋದೆ.

ವಾರಗಟ್ಟಲೆ ಕೂರುವ ಹಾಗಿರಲಿಲ್ಲ. ಅವರ ಹಾಸಿಗೆಯನ್ನೇ ಅತ್ತೆಯ ಪಕ್ಕಕ್ಕೆ ಎಳೆಯೋಣವೆಂದರೆ ಅತ್ತೆ ಒಪ್ಪಲಿಲ್ಲವಂತೆ, ನೆಟ್ಟಗೆ ಕೂತಾಗಲೇ ಎಂದರಂತೆ. ಒಂದೇ ಮನೆ, ಎರಡು ಹಾಸಿಗೆ, ನಡುವೆ ಒಂದು ಗೋಡೆ. ಭಾವ ಆ ಕಡೆಯಿಂದ “ಅಮ್ಮಾ, ಊಟ ಆಯ್ತಾ?” ಎಂದು ಕೂಗುತ್ತಿದ್ದರು. ಈ ಕಡೆಯಿಂದ ಅತ್ತೆ ಗೋಡೆಯನ್ನು ಬೆರಳಿನಿಂದ ತಟ್ಟುತ್ತಿದ್ದರು. ಆಯಿತೆಂದೋ ಇಲ್ಲವೆಂದೋ, ಅದು ತಟ್ಟುವುದಷ್ಟೇ. ಕಂಬಳಿಗಳು ಮಡಿಸಿದ ಹಾಗೇ ಹಾಸಿಗೆಯ ಪಕ್ಕ ಇದ್ದವು. ತೆಗೆದಿಡಲು ಹೋದರೆ ಅತ್ತೆ ಬಿಡಲಿಲ್ಲವಂತೆ, ಎಡಗೈ ಅವುಗಳ ಮೇಲೆ ಇಟ್ಟುಕೊಂಡಿರುತ್ತಿದ್ದರಂತೆ. ಅದೇ ದಿನಗಳಲ್ಲಿ ಅಕ್ಕ ಬಾಯಿಯ ಹತ್ತಿರ ಕಿವಿ ಕೊಟ್ಟರೂ ಶಬ್ದ ಸಿಗುವುದು ನಿಲ್ಲುತ್ತ ಬಂತು. ಒಂದು ದಿನ ಸಿಗುತ್ತಿತ್ತು, ಇನ್ನೊಂದು ದಿನ ಇಲ್ಲ.

ಭಾವ ಮತ್ತೆ ಶುರು ಮಾಡಿದಾಗ ಅವರು ಬೇರೆಯೇ ಮನುಷ್ಯರಾಗಿದ್ದರು. ನಾನು ಹೇಳಿದ್ದಕ್ಕಿಂತ ಕಡಿಮೆಯೇ ಮಾಡುತ್ತಿದ್ದರು. ಮಂಡಿಯ ಕೆಳಗೆ ದಿಂಬು ಕೊಟ್ಟು ಮಲಗಿಸಿದರೆ ಕಣ್ಣು ಮುಚ್ಚಿ ಸುಮ್ಮನಿರುತ್ತಿದ್ದರು. ‘ಬಿಡಿ’ ಎಂದು ನಾನು ಹೇಳಬೇಕಾಗಿಯೇ ಬರಲಿಲ್ಲ. ಪೇಂಟರು ಕೂಡ ತಮಾಷೆ ಬಿಟ್ಟು, ಕ್ಲಾಸು ಮುಗಿದ ಮೇಲೆ ತಾನೇ ಮಂಡಿಯೂರಿ ಅವರ ಷೂಸಿನ ದಾರ ಕಟ್ಟುತ್ತಿದ್ದ. ಒಂದು ಸಂಜೆ ಭಾವ “ತಾಳಪ್ಪ” ಎಂದು ಅವನ ಕೈ ಸರಿಸಿ ತಾವೇ ಕಟ್ಟಿಕೊಂಡರು. ಬಹಳ ಹೊತ್ತು ಹಿಡಿಯಿತು. ನಾವೆಲ್ಲ ಬೇರೆ ಕಡೆ ನೋಡುತ್ತ ನಿಂತೆವು.

ಮಂಡಿಗಳು ಇಳಿದವು. ಒಂದು ಕಂಬಳಿ ಕಡಿಮೆಯಾಯಿತು. ಆಮೇಲೆ ಇನ್ನೊಂದು.

ಆ ದಿನ ನನಗೆ ಆಫೀಸಿಗೆ ರಜೆಯಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಬಂದು ಹಾಸಿಗೆಯ ಕಾಲುದೆಸೆಗೆ ಬಿದ್ದಿತ್ತು. ಭಾವ ಗೋಡೆಗೆ ಕೈ ಕೊಟ್ಟು, ಒಂದು ಮಂಡಿ ಊರಿ, ಇನ್ನೊಂದು ಊರಿ, ಶಬ್ದವಿಲ್ಲದೆ ಇಳಿದರು. ಮಡಿಸಿದ ಒಂದೇ ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಎಡ ಮಂಡಿ ಸ್ವಲ್ಪ ಎತ್ತರದಲ್ಲಿತ್ತು, ಅಷ್ಟೆ. ಅತ್ತೆ ಕಣ್ಣು ತೆರೆದರು. ಮಗನ ಮುಖ, ಆಮೇಲೆ ಮಂಡಿ, ಆಮೇಲೆ ಆ ಒಂದೇ ಕಂಬಳಿ, ಮತ್ತೆ ಮುಖ ನೋಡಿದರು. ಎಡಗೈ ಎತ್ತಿ ಭಾವನ ಮಂಡಿಯ ಮೇಲೆ ಇಟ್ಟರು.

“ಕೂತಿದೀನಮ್ಮ. ಹೇಳು.”

ಭಾವ ಸೊಂಟದಿಂದ ಬಗ್ಗಿದರು. ಬೆನ್ನು ನೇರ ಇತ್ತು. ನಾನು ಹೇಳಿಕೊಟ್ಟ ಹಾಗೇ ಇತ್ತು. ಅಂಥ ಹೊತ್ತಿನಲ್ಲೂ ಅದನ್ನು ಗಮನಿಸಿದೆನಲ್ಲ ಎಂದು ನನಗೆ ನಾಚಿಕೆಯಾಗುತ್ತದೆ. ಕಿವಿ ಅವರ ಬಾಯಿಗೆ ತಾಗುವಷ್ಟು ಹತ್ತಿರ ಹೋಯಿತು. ಅತ್ತೆಯ ತುಟಿ ಅಲ್ಲಾಡತೊಡಗಿತು. ಅಕ್ಕ ಬಾಗಿಲಲ್ಲಿ ನನ್ನ ಕೈ ಹಿಡಿದು ನಿಂತಿದ್ದಳು, ಅವಳ ಕೈ ಪಾತ್ರೆ ತೊಳೆದ ನೀರಿನಿಂದ ಒದ್ದೆಯಾಗಿತ್ತು. ನಮಗೆ ಏನೂ ಕೇಳಿಸುತ್ತಿರಲಿಲ್ಲ. ಭಾವ ಮಾತ್ರ ನಡುನಡುವೆ “ಹ್ಞೂಂ” ಎನ್ನುತ್ತಿದ್ದರು. “ಹ್ಞೂಂ ಅಮ್ಮ.” ಒಮ್ಮೆ “ಆಯ್ತಮ್ಮ” ಎಂದರು. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡರು, ಸಾಕಾದವರ ಹಾಗೆ.

ಭಾವ ಎದ್ದು ಹೊರಗೆ ಬಂದರು. ಅಕ್ಕ ಹಿಂದೆಯೇ ಹೋಗಿ ಕೇಳಿದಳು. “ಏನಂದ್ರು ರೀ?”

“ನಿನ್ನ ಬಗ್ಗೆನೇ ಅಂದ್ಲು.”

“ಏನು?”

“ನನ್ನ ಸೊಸೆಯನ್ನ ಚೆನ್ನಾಗಿ ನೋಡ್ಕೋ ಅಂದ್ಲು. ಆಗ ಮದುವೆಗೆ ಬರ್ದೇ ಇದ್ದಿದ್ದು ತಪ್ಪಾಯ್ತು ಅಂತಾನೂ ಅಂದ್ಲು.”

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸಿಕೊಂಡ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡಳು. ಆಮೇಲೆ ಒಳಗೆ ಹೋಗಿ ಅತ್ತೆಯ ಕಾಲ ಮೇಲೆ ಬಿದ್ದಿದ್ದ ಬಿಸಿಲಿಗೆ ಪರದೆ ಎಳೆದಳು.

ಅದಾದ ಕೆಲವೇ ದಿನಗಳಲ್ಲಿ, ಬೆಳಿಗ್ಗೆ ಅಕ್ಕ ಗಂಜಿ ತೆಗೆದುಕೊಂಡು ಹೋದಾಗ ಅತ್ತೆಯಲ್ಲಿ ಉಸಿರಿರಲಿಲ್ಲ. ಕೈ ಕಂಬಳಿಯ ಮೇಲಿತ್ತು. ಅಕ್ಕ ಅತ್ತದ್ದು ಕಂಡು ಬಂದವರು ಆಶ್ಚರ್ಯಪಟ್ಟರು. ಹೆತ್ತ ಮಗಳು ಕೂಡ ಹಾಗೆ ಅಳುವುದಿಲ್ಲ ಎಂದರು.

ತಿಂಗಳು ಕಳೆದ ಮೇಲೆ ಭಾವ ಮತ್ತೆ ಕ್ಲಾಸಿಗೆ ಬಂದರು. ಇನ್ನೇತಕ್ಕೆ ಎಂದು ನಾನು ಕೇಳಲಿಲ್ಲ. ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತಿದ್ದಾಗ ಅವರೇ ಬಾಯಿಬಿಟ್ಟರು. “ಒಂದು ಹೇಳ್ತೀನಿ, ನಿನ್ನಕ್ಕನಿಗೆ ಹೇಳ್ಬೇಡ.”

“ಏನು ಭಾವ?”

“ನಂಗೆ ಏನೂ ಕೇಳಿಸ್ಲಿಲ್ಲ ಕಣೇ. ಬರೀ ಗಾಳಿ. ಬಿಸಿ ಗಾಳಿ ಬರ್ತಿತ್ತು ಕಿವಿಗೆ.”

“ಮತ್ತೆ ಹ್ಞೂಂ ಹ್ಞೂಂ ಅಂತಿದ್ರಿ?”

“ಅಷ್ಟು ದಿನ ಕಾದಿದಾಳೆ. ಕೇಳಿಸ್ಲಿಲ್ಲ ಇನ್ನೊಂದ್ಸಲ ಹೇಳು ಅಂತ ಹೆಂಗನ್ಲಿ?”

ಕೆಳಗೆ ಅಂಗಡಿಯವರು ಶಟರ್ ಎಳೆಯುತ್ತಿದ್ದರು. ಭಾವ ಬಗ್ಗಿ ಷೂಸಿನ ದಾರ ಕಟ್ಟಿಕೊಂಡು ಮೆಟ್ಟಿಲಿಳಿದು ಹೋದರು.

ಈಗಲೂ ಬರುತ್ತಾರೆ. ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವಾಗ ಉಳಿದವರೆಲ್ಲ ಹಣೆಯನ್ನು ಮಂಡಿಯ ಕಡೆ ತರುತ್ತಾರೆ. ಭಾವ ಮಾತ್ರ ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ಕಿವಿ ಕೆಳಗೆ ಮಾಡಿ, ಹಾಗೇ ಇರುತ್ತಾರೆ. ಅದು ತಪ್ಪು. ಕತ್ತಿಗೆ ಒಳ್ಳೆಯದಲ್ಲ. ನಾನು ಚಾಪೆಗಳ ನಡುವೆ ನಡೆಯುತ್ತ ಅವರ ಹತ್ತಿರ ಬಂದಾಗ ಕೈ ಮುಂದೆ ಹೋಗುತ್ತದೆ, ಸರಿಪಡಿಸದೆ ಹಿಂದೆ ಬರುತ್ತದೆ.

ಅಕ್ಕನಿಗೆ ಹೇಳಿದ್ದು ನಿಜವೋ, ನನಗೆ ಹೇಳಿದ್ದು ನಿಜವೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅಕ್ಕನನ್ನು ಸಮಾಧಾನಪಡಿಸಲು ಕಟ್ಟಿ ಹೇಳಿದರೇ? ಅಥವಾ ಅತ್ತೆ ಅಂದದ್ದು ಬೇರೆಯೇ ಏನೋ ಇದ್ದು, ಅದನ್ನು ಯಾರಿಗೂ ಕೊಡಬಾರದೆಂದು ನನಗೆ ಗಾಳಿ ಎಂದರೇ? ಡಿಪೋದಲ್ಲಿ ಆ ಪೆಟ್ಟು ಆಗದಿದ್ದರೆ ಧ್ವನಿ ಇರುವಾಗಲೇ ಕೂರುತ್ತಿದ್ದರೇ? ಮಗನಿಗೆ ಕೇಳಿಸಿತು ಎಂದು ಅತ್ತೆ ನಂಬಿಕೊಂಡು ಹೋದರೇ, ಇಲ್ಲ ಅವರಿಗೂ ತಿಳಿದಿತ್ತೇ?

ನನಗೆ ಗೊತ್ತಿಲ್ಲ.